ವಿನೆಗರ್ ವಾಸನೆ

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ನವಿ ಮುಂಬೈಯ ಒಂದು ಯೂನಿವರ್ಸಿಟಿಯಲ್ಲಿ, ಕೆಮಿಸ್ಟ್ರಿ ಲ್ಯಾಬಿನಲ್ಲಿ, ಕಾಂಟ್ರ್ಯಾಕ್ಟ್ ಮೇಲೆ ಕೆಲವು ವರ್ಷ ಕೆಲಸ ಮಾಡಿದೆ. ಗ್ಯಾಸ್ ಸಿಲಿಂಡರ್ ಬದಲಿಸುವುದು, ಗಾಜಿನ ಸಾಮಾನು ತೊಳೆಯುವುದು, ಕರೆದಾಗ ಹೋಗುವುದು. ಅಲ್ಲಿ ಒಬ್ಬ ಅಕ್ಕ ಗ್ಯಾಸಿನಿಂದ ವಿನೆಗರ್ ಮಾಡಲು ಹೊರಟಿದ್ದಳು. ಒಂದು ದಿನ ಆಯಿತು ಅಂತ ಎಲ್ಲರೂ ಖುಷಿಪಟ್ಟೆವು. ಆ ಖುಷಿ ಏನಾಯಿತು ಅನ್ನುವುದನ್ನೇ ಬರೆಯುತ್ತಿದ್ದೇನೆ.

ಅಕ್ಕ ಡೊಂಬಿವಲಿಯವಳು. ಅವಳ ಅಪ್ಪನದು ಅಲ್ಲಿ ಸ್ಟೇಷನ್ ಹತ್ತಿರ ಹೋಟೆಲ್, ಮೂಲ ಉಡುಪಿ ಕಡೆ. ನಮ್ಮದು ವಿಜಯಪುರ ಕಡೆ, ಮನೆ ಫ್ಯಾಕ್ಟರಿಗಳ ಹೊಗೆ ನಡುವೆ, ತುರ್ಭೆಯಲ್ಲಿ. ಮೊದಮೊದಲು ಇಬ್ಬರೂ ಹಿಂದಿಯಲ್ಲೇ ಮಾತಾಡುತ್ತಿದ್ದೆವು. ಒಂದು ದಿನ ಸಿಲಿಂಡರಿನ ವಾಲ್ವ್ ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರ್ ಹಾಕಿ ಜಗ್ಗುತ್ತಾ ನಾನು ಬೈದೆ.

"ನಿಮ್ಮಪ್ಪನ ಗಂಟೇನ್ ಹೋಕ್ಕೈತಿ, ತಿರುಗಲಾ!"

ಹಿಂದಿನಿಂದ ನಗು ಕೇಳಿಸಿತು.

"ಎಂತ ಮಾರಾಯ, ನೀನು ಕನ್ನಡದವನಾ? ಇಷ್ಟು ದಿನ ಆ ಹಿಂದಿ ಮಾತಾಡಿ ನನ್ನನ್ನು ಕೊಂದೆಯಲ್ಲ!"

"ನಿಮ್ಮ ಕನ್ನಡ ಬುಕ್ಕಿನಂಗ ಐತ್ರಿ ಅಕ್ಕಾ."

"ನಿನ್ನದು ಜಗಳದ ಹಾಗೆ ಉಂಟು."

ಅವತ್ತಿನಿಂದ ನಮ್ಮಿಬ್ಬರದು ಕನ್ನಡ. ಅವಳು ಏನು ಮಾಡುತ್ತಾಳೆ ಅಂತ ನಾನು ಕೇಳಿದಾಗ ಅರ್ಥವಾಗುವ ಹಾಗೆ ಹೇಳುತ್ತಿದ್ದಳು. ಬೇರೆಯವರು "ತುಝೆ ನಹೀ ಸಮಝೇಗಾ", ನಿನಗೆ ತಿಳಿಯುವುದಿಲ್ಲ, ಅನ್ನುತ್ತಿದ್ದರು. ಅಕ್ಕ ಹಾಗಲ್ಲ.

"ಚಿಮಣಿಯಿಂದ, ಗಾಡಿಯಿಂದ ಕಾರ್ಬನ್ ಡೈಆಕ್ಸೈಡ್ ಬರ್ತದಲ್ಲ. ಸೋಡಾದಲ್ಲಿ ಗುಳ್ಳೆ ಬರುವುದೂ ಅದೇ. ಅದನ್ನು ನೀರಿಗೆ ಬಿಟ್ಟು, ಕರೆಂಟ್ ಕೊಟ್ಟು, ಉಪಯೋಗದ ವಸ್ತು ಮಾಡುವುದು. ನಾನು ತಾಮ್ರದ ಪಟ್ಟಿಗೆ ಒಂದು ಪುಡಿ ಬಳೀತೇನಲ್ಲ, ಅದು ಮದುವೆ ದಲ್ಲಾಳಿ ಇದ್ದ ಹಾಗೆ. ಎರಡು ಕಡೆಯವರನ್ನು ಕೂಡಿಸ್ತದೆ, ತಾನು ಹಾಗೇ ಇರ್ತದೆ."

"ಕಮಿಷನ್ ತಗೊಳಂಗಿಲ್ಲೇನ್ರಿ?"

"ಕಮಿಷನ್ ತಗೊಳ್ಳದ ದಲ್ಲಾಳಿ ಎಲ್ಲಿ ಸಿಗ್ತಾನೆ ಹೇಳು? ಅದಕ್ಕೇ ಇಷ್ಟು ವರ್ಷ ಹುಡುಕ್ತಾ ಇರುವುದು."

ಅವಳ ಪಿಎಚ್‌ಡಿಗೆ ಅದು ಆರನೇ ವರ್ಷ. ಇನ್ನು ಟೈಮ್ ಹೆಚ್ಚಿಸಿ ಕೊಡುವುದಿಲ್ಲ ಅಂತ ಆಫೀಸಿನವರು ಹೇಳಿಯಾಗಿತ್ತು. ಆ ವರ್ಷದೊಳಗೆ ಹೊಸದೇನಾದರೂ ಸಿಕ್ಕಿದರೆ ಡಾಕ್ಟರೇಟ್. ಸಿಗದಿದ್ದರೆ ಬರಿಗೈ. ದಿನಾ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿಂದ ಇನ್ನೊಂದು ಟ್ರೇನ್ ಹಿಡಿದು ನಮ್ಮ ಕಡೆಗೆ. ಜನ ಹತ್ತಿ ಇಳಿಯುವ ಆ ನೂಕಾಟದಲ್ಲೂ ಸ್ಯಾಂಪಲ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬರುತ್ತಿದ್ದಳು. ಒಳಗೆ ಟಿಫಿನ್ ಇದೆ ಅಂತ ಹೆಂಗಸರು ತಿಳಿಯುತ್ತಿದ್ದರಂತೆ.

ಕೆಲಸವೆಲ್ಲ ನಡೆಯುತ್ತಿದ್ದದ್ದು ಒಂದು ಗಾಜಿನ ಪಾತ್ರೆಯಲ್ಲಿ. ಎರಡು ಕೋಣೆ, ನಡುವೆ ಒಂದು ಕೊಳವೆ. ಲ್ಯಾಬಿನಲ್ಲಿ ಅದಕ್ಕೆ ಸೆಲ್ ಅನ್ನುತ್ತಾರೆ. ಅಂಥವು ನಾಲ್ಕಾರು ಇದ್ದವು. ಅಕ್ಕನ ಸೆಲ್ ಮಾತ್ರ ಹಳೆಯದು. ಅವಳಿಗಿಂತ ಹಿಂದೆ ಇದ್ದವನು ಮಾಡಿಸಿಟ್ಟು ಹೋದದ್ದು. ಅದರ ಒಂದು ಜಾಯಿಂಟ್ ಸೋರುತ್ತಿತ್ತು. ಗ್ಯಾಸ್ ಹೊರಗೆ ಹೋದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಪ್ರತಿಸಲ ಶುರು ಮಾಡುವ ಮುಂಚೆ ಅಕ್ಕ ಆ ಜಾಯಿಂಟಿಗೆ ಒಳಗೂ ಹೊರಗೂ ಸಿಲಿಕೋನ್ ಹಚ್ಚುತ್ತಿದ್ದಳು. ಕಿಟಕಿ ಗಾಜಿಗೆ, ವಾಶ್ ಬೇಸಿನ್ನಿಗೆ ಹಚ್ಚುತ್ತಾರಲ್ಲ, ಅದೇ ಟ್ಯೂಬು. ಬೆರಳಿನಿಂದ ಸವರಿ, ಸ್ವಲ್ಪ ಒಣಗಿಸಿ, ಕರೆಂಟ್ ಕೊಡುತ್ತಿದ್ದಳು. ಲ್ಯಾಬಿನಲ್ಲಿ ಎಲ್ಲರೂ ಹಾಗೇ ಮಾಡುವುದು. ಸೋರಿದರೆ ಸಿಲಿಕೋನ್.

ದಸರಾ ಆದ ಮೇಲೆ ಆ ಹಳೇ ಸೆಲ್ಲಿನಲ್ಲಿ ಮೊದಲ ಸಲ ವಿನೆಗರ್ ಬಂತು. ಬಂತು ಅಂದರೆ ಕಣ್ಣಿಗೆ ಕಾಣುವುದಿಲ್ಲ. ಅಕ್ಕ ಆ ನೀರನ್ನು ಪಕ್ಕದ ಬಿಲ್ಡಿಂಗಿನ ದೊಡ್ಡ ಮಶೀನಿಗೆ ಹಾಕಿಸಿದಳು. ಅದರ ಕಾಗದದಲ್ಲಿ ಗೆರೆ ಎದ್ದು ನಿಂತಿತ್ತು. ವಿನೆಗರಿನಲ್ಲಿ ಇರುವ ಆಸಿಡ್ಡಿನ ಗೆರೆ. ಗ್ಯಾಸಿನಿಂದ ಅದನ್ನು ಮಾಡುವುದು ಬಹಳ ಕಷ್ಟವಂತೆ. ಹೊರದೇಶದವರಿಗೂ ಚೂರುಪಾರು ಬರುತ್ತದಂತೆ. ಅಕ್ಕನಿಗೆ ಚೆನ್ನಾಗಿ ಬಂದಿತ್ತು.

ಹೊಸ ಸೆಲ್ಲುಗಳಲ್ಲಿ ಅದೇ ಪುಡಿ ಬಳಿದು ನೋಡಿದಳು. ಬರಲಿಲ್ಲ. ಹಳೆಯದರಲ್ಲಿ ಮತ್ತೆ ಬಂತು. ನಮ್ಮ ಸರ್ ಮರಾಠಿಯವರು, ಒಳ್ಳೆಯವರು. ಹಳೆ ಸೆಲ್ಲಿನ ಅಳತೆ ಬೇರೆ, ಅದಕ್ಕೆ ಹಾಗೆ, ಅಂದರು. ಆಮೇಲೆ ಆ ಸೆಲ್ಲನ್ನು ಅಕ್ಕನ ಬಿಟ್ಟು ಯಾರೂ ಮುಟ್ಟುವ ಹಾಗಿಲ್ಲ ಅಂತ ಆಯಿತು. ಇದು ಲ್ಯಾಬುಗಳಲ್ಲಿ ಇರುವ ಪದ್ಧತಿ. ಓಡುತ್ತಿರುವುದನ್ನು ಬಿಚ್ಚಬಾರದು. ಖಂಡೆ ನವಮಿ ದಿನ ಮಶೀನುಗಳಿಗೆಲ್ಲ ಆಯುಧಪೂಜೆ ಮಾಡಿ ಕುಂಕುಮ ಇಟ್ಟಿದ್ದೆವು. ಆ ಸೆಲ್ಲಿನ ಕತ್ತಿನ ಮೇಲಿದ್ದ ಕುಂಕುಮವನ್ನು ಒರೆಸಲು ಹೋದಾಗ ಅಕ್ಕನೇ ನನ್ನ ಕೈ ಹಿಡಿದಳು.

"ಅದು ಇರಲಿ ಮಾರಾಯ."

"ಸೈನ್ಸ್ ಓದಿದವರು ನೀವು."

"ಸೈನ್ಸ್ ಓದಿದವರಿಗೇ ಹೆದರಿಕೆ ಜಾಸ್ತಿ."

ಒಂದು ಪರೀಕ್ಷೆ ಮಾಡಲೇಬೇಕು ಅಂತ ನಿಯಮವಿದೆ. ಆರ್ಗಾನ್ ಅಂತ ಒಂದು ಗ್ಯಾಸ್ ಇದೆ. ಅದು ಏನೂ ಮಾಡುವುದಿಲ್ಲ, ಸುಮ್ಮನಿರುವ ಗ್ಯಾಸ್. ಕಾರ್ಬನ್ ಡೈಆಕ್ಸೈಡ್ ಬದಲು ಅದನ್ನು ಬಿಟ್ಟು ನೋಡಬೇಕು. ಆಗ ವಿನೆಗರ್ ಬರಬಾರದು. ಬಂದರೆ ಅದು ಗ್ಯಾಸಿನಿಂದ ಬಂದದ್ದಲ್ಲ, ಬೇರೆ ಎಲ್ಲಿಂದಲೋ ಬಂದದ್ದು. ಅಕ್ಕ ಅದನ್ನೂ ಮಾಡಿದ್ದಳು. ಆದರೆ ಓಡುತ್ತಿರುವ ಹಳೆ ಸೆಲ್ಲಿನ ಗ್ಯಾಸ್ ಬದಲಿಸುವುದು ಬೇಡ ಅಂತ ಹೊಸ ಸೆಲ್ಲಿನಲ್ಲಿ ಮಾಡಿದಳು. ವಿನೆಗರ್ ಬರಲಿಲ್ಲ. ಎಲ್ಲರೂ ಸರಿ ಅಂದರು. ನಾನೂ ಆರ್ಗಾನ್ ಸಿಲಿಂಡರ್ ಹಚ್ಚಿ ಕೊಟ್ಟು, ತೆಗೆದು ಇಟ್ಟೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದೆ. ಅಕ್ಕ ಸೆಲ್ಲಿನ ಮುಚ್ಚಳ ತೆಗೆದು ನಿಂತಿದ್ದಳು. ಮುಖ ಕೆಂಪಾಗಿತ್ತು.

"ಇಲ್ಲಿ ಬಾ. ಮೂಸಿ ನೋಡು."

ಮೂಸಿದೆ. ಮೂಗಿಗೆ ಹುಳಿ ಹೊಡೆಯಿತು. ಚೈನೀಸ್ ಗಾಡಿಯ ಹತ್ತಿರ ಬರುವ ವಾಸನೆ.

"ವಿನೆಗರ್ ಐತಲ್ರಿ!"

"ಜೋರು ಹೇಳು. ಇನ್ನೊಂದು ಸಲ ಹೇಳು."

ಸರ್ ಬಂದು ಮೂಸಿದರು. ಎರಡು ಸಲ ಮೂಸಿದರು. "ಅರೇ ವಾ! ಆತಾ ಕಾಂದಾ-ಕಾಕಡಿ ಆಣಾ ರೇ!" ಅಂದರು. ಈರುಳ್ಳಿ ಸೌತೆಕಾಯಿ ತನ್ನಿ ಅಂತ. ಎಲ್ಲರೂ ನಕ್ಕೆವು. ಆ ಲ್ಯಾಬಿನಲ್ಲಿ ಅಷ್ಟು ನಗು ನಾನು ಕೇಳಿದ್ದು ಅದೊಂದೇ ದಿನ.

ಶನಿವಾರ ಅಕ್ಕನ ಅಪ್ಪ ಬಂದರು. ಕೈಯಲ್ಲಿ ಇಡ್ಲಿ ವಡೆಯ ದೊಡ್ಡ ಪಾರ್ಸೆಲ್. ದಪ್ಪ ಮನುಷ್ಯ, ಬಿಳಿ ಶರ್ಟು, ಬೆವರು. ಅವರಿಗೂ ಅಕ್ಕ ಮೂಸಿ ತೋರಿಸಿದಳು. ಅವರು ಕಣ್ಣು ಮುಚ್ಚಿ, ದೇವಸ್ಥಾನದಲ್ಲಿ ಆರತಿ ತೆಗೆದುಕೊಳ್ಳುವ ಹಾಗೆ ಬಾಗಿ ಮೂಸಿದರು.

"ಹೌದು ಮಾರಾಯ್ತಿ, ವಿನೆಗರೇ! ನಮ್ಮ ಹೋಟೆಲಿಗೆ ಕ್ಯಾನ್‌ಗಟ್ಟಲೆ ಬೇಕಾಗ್ತದೆ. ಇನ್ನು ಮೇಲೆ ಹೊರಗಿಂದ ತರಿಸುವುದಿಲ್ಲ, ಆಯ್ತಾ?"

"ಅಪ್ಪ, ಒಂದು ಚಮಚ ಆಗ್ಲಿಕ್ಕೆ ಒಂದು ವರ್ಷ ಬೇಕು."

"ಆಗ್ಲಿ. ನಾನು ಕಾಯ್ತೇನೆ. ಆರು ವರ್ಷ ಕಾಯ್ಲಿಲ್ವಾ?"

ನನ್ನ ಕಡೆ ತಿರುಗಿ, "ನೀನೂ ತಿನ್ನು, ನಾಚಿಕೆ ಎಂತದು," ಅಂತ ಎರಡು ವಡೆ ಕೈಗೆ ಹಾಕಿದರು.

ಮನೆಯಲ್ಲಿ ನಾನೂ ಹೇಳಿದೆ. ನಮ್ಮವ್ವ ಮರುದಿನ ನಳದ ಹತ್ತಿರ ಹೇಳಿದಳು. "ನನ್ನ ಮಗ ಹೊಗಿ ಹಿಡದು ಉಪ್ಪಿನಕಾಯಿ ನೀರ ಮಾಡಾಕತ್ತಾನ." ಅಲ್ಲಿದ್ದವಳೊಬ್ಬಳು, "ಹಂಗಾದ್ರ ತುರ್ಭೆದಾಗ ಒಂದ್ ಹಂಡೇ ಇಡ್ರೆವಾ, ಸಂಜಿಗೆ ತುಂಬತೈತಿ," ಅಂದಳಂತೆ. ಅವ್ವ ಅದನ್ನೂ ಖುಷಿಯಿಂದ ನನಗೆ ಬಂದು ಹೇಳಿದಳು.

ಅಕ್ಕ ಬರೆದ ಪೇಪರನ್ನು ಹೊರದೇಶದವರು ಒಪ್ಪಿಕೊಂಡರು. ಇನ್ನೂ ಅಚ್ಚಾಗಿರಲಿಲ್ಲ, ಆದರೆ ಒಪ್ಪಿದ್ದಾರೆ ಅಂತ ಸುದ್ದಿ ಬಂತು. ಅವಳು ಥೀಸಿಸ್ ಬರೆಯಲು ಕೂತಳು. ಲ್ಯಾಬಿನಲ್ಲಿ ಹಾಡು ಗುನುಗುತ್ತಿದ್ದಳು. ನಾನು ಗಾಜು ತೊಳೆಯುವಾಗ, "ನನ್ನ ಹೆಸರಿನ ಮುಂದೆ ಡಾಕ್ಟರ್ ಬಂದ ಮೇಲೆ ನೀನು ಜ್ವರಕ್ಕೆ ಔಷಧಿ ಕೇಳ್ಬೇಡ ಆಯ್ತಾ," ಅಂತ ರೇಗಿಸುತ್ತಿದ್ದಳು.

ಒಂದು ಸೋಮವಾರ ನಾನು ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಹೋದವಳು ಬ್ಯಾಗ್ ಇಳಿಸಲೂ ಇಲ್ಲ. ಡ್ರಾದಿಂದ ಸಿಲಿಕೋನ್ ಟ್ಯೂಬ್ ತೆಗೆದು, ಕಾಗದದ ಮೇಲೆ ಹಿಂಡಿ, ನನ್ನ ಮುಂದೆ ಹಿಡಿದಳು.

"ಮೂಸು."

ಮೂಸಿದೆ. ಅದೇ ವಾಸನೆ.

"ಹೇಳು."

"ವಿನೆಗರ್ ಐತ್ರಿ."

ಅವಳು ಸ್ಟೂಲಿನ ಮೇಲೆ ಕೂತಳು. ಭಾನುವಾರ ಅಪ್ಪನ ಹೋಟೆಲಿನಲ್ಲಿ ಕೈ ತೊಳೆಯುವ ಹೊಸ ಬೇಸಿನ್ ಕೂರಿಸಿದರಂತೆ. ಪ್ಲಂಬರ್ ಗೋಡೆಗೆ ಸಿಲಿಕೋನ್ ಹಚ್ಚಿದ. ಗಿರಾಕಿಗಳು ತುಂಬಿದ್ದರು. ಅಪ್ಪ ಗಲ್ಲಾದ ಹಿಂದಿನಿಂದ ಗಟ್ಟಿಯಾಗಿ ಕೂಗಿದರಂತೆ, "ಓ ಮಗಾ, ನೋಡು, ನಿನ್ನ ಲ್ಯಾಬಿನ ವಾಸನೆ ಇಲ್ಲಿಗೂ ಬಂತು!" ಎಲ್ಲರೂ ನಕ್ಕರಂತೆ. ಅಕ್ಕನೂ ನಕ್ಕಳಂತೆ. ನಗುತ್ತಾ ನಗುತ್ತಾ ಹೋಗಿ ಬೇಸಿನ್ನಿನ ಅಂಚನ್ನು ಮೂಸಿದಳಂತೆ.

"ಸಿಲಿಕೋನ್ ಒಣಗುವಾಗ ಆ ಆಸಿಡ್ ಬಿಡ್ತದೆ. ನಾನು ಪ್ರತಿಸಲ ಹೊಸತಾಗಿ ಹಚ್ಚುತ್ತಿದ್ದೆ. ಸರಿಯಾಗಿ ಒಣಗ್ಲಿಕ್ಕೂ ಬಿಡ್ತಿರ್ಲಿಲ್ಲ. ಹಚ್ಚುವಾಗ ಬರುವ ವಾಸನೆ ಅಂಟಿನದು ಅಂತ ಲಕ್ಷ್ಯವೇ ಕೊಡ್ಲಿಲ್ಲ," ಅಂದಳು.

"ಖರೇ ವಿನೆಗರೂ ಇರಬಹುದಲ್ರಿ. ಎರಡೂ ಇರಬಹುದು."

"ನಾವು ಮೂಸಿದೆವಲ್ಲ ಅವತ್ತು? ಸೆಲ್ಲಿನಲ್ಲಿ ಇದ್ದದ್ದು ಅಡುಗೆ ಸೋಡಾ ಹಾಕಿದ ನೀರು. ಅದರಲ್ಲಿ ಆ ಆಸಿಡ್ ಹುಟ್ಟಿದರೂ ಉಪ್ಪಾಗಿ ಕೂತ್ಕೊಳ್ತದೆ. ವಾಸನೆ ಬರುವುದೇ ಇಲ್ಲ. ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಗೊತ್ತಿರುವ ವಿಷಯ. ನನಗೆ ಗೊತ್ತಿತ್ತು. ಸರ್‌ಗೆ ಗೊತ್ತಿತ್ತು. ಮೂಗು ಹೇಳಿದ್ದನ್ನು ಕೇಳಿ ತಲೆ ಸುಮ್ಮನಾಯ್ತು."

ಅವಳು ಟ್ಯೂಬಿನ ಮುಚ್ಚಳ ಹಾಕಿದಳು. ಆಮೇಲೆ ಅವಳು, "ಆರ್ಗಾನ್ ಹಚ್ಚು," ಅಂದಳು.

"ಹಳೆ ಸೆಲ್ಲಿಗಾ?"

"ಅದಕ್ಕೇ. ಸಿಲಿಕೋನ್ ಯಾವಾಗಿನ ಹಾಗೆ ಹಚ್ತೇನೆ."

ನನಗೆ ತಡೆಯಲಾಗಲಿಲ್ಲ. "ಬ್ಯಾಡ ಬಿಡ್ರಿ ಅಕ್ಕಾ. ಯಾರ್ ಕೇಳಾಕ ಬರತಾರ? ಪೇಪರ್ ಪಾಸ್ ಆಗೈತಿ. ಥೀಸಿಸ್ ಕೊಟ್ಟು ಡಾಕ್ಟರ್ ಆಗಿ ಹೋಗ್ರಿ. ನಾ ಬಾಯಿ ಬಿಡಂಗಿಲ್ಲ."

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಆ ಪೇಪರ್ ಓದಿ ಇನ್ಯಾವುದೋ ಊರಲ್ಲಿ ಇನ್ನೊಬ್ಬಳು ಇದೇ ಪುಡಿ ಮಾಡ್ಲಿಕ್ಕೆ ಕೂತ್ಕೊಳ್ತಾಳೆ. ಅವಳ ಸೆಲ್ ಸೋರುವುದಿಲ್ಲ, ಅವಳು ಸಿಲಿಕೋನ್ ಹಚ್ಚುವುದಿಲ್ಲ. ಅವಳಿಗೆ ಏನೂ ಬರುವುದಿಲ್ಲ. ತನ್ನ ಕೈಯೇ ಸರಿ ಇಲ್ಲ ಅಂತ ವರ್ಷಗಟ್ಟಲೆ ಅಳ್ತಾಳೆ. ನನಗೆ ಗೊತ್ತುಂಟು ಅದು ಹೇಗಿರ್ತದೆ ಅಂತ. ಹಚ್ಚು ಮಾರಾಯ."

ಹಚ್ಚಿದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಿಚ್ಚಿ ಆಚೆ ತಳ್ಳಿದೆ, ಸರಪಳಿ ಹಾಕಿದೆ. ಅವಳು ಜಾಯಿಂಟಿಗೆ ಸಿಲಿಕೋನ್ ಸವರಿದಳು. ಯಾವಾಗಿನ ಹಾಗೇ, ಅಂದವಾಗಿ ಸವರಿದಳು. ಗುಳ್ಳೆಗಳು ಏಳತೊಡಗಿದವು. ಆರ್ಗಾನ್ ಗುಳ್ಳೆಯೂ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯೂ ನೋಡಲು ಒಂದೇ ತರಹ. ಅವಳು ಎದುರಿಗೆ ಕೂತು ಅದನ್ನೇ ನೋಡುತ್ತಿದ್ದಳು. ಊಟಕ್ಕೆ ಕರೆದೆ, ಬರಲಿಲ್ಲ.

ನಾನು ಕಿಟಕಿ ಹತ್ತಿರ ನಿಂತು ಬೇಡಿಕೊಂಡೆ. ಯಾವ ದೇವರಿಗೆ ಅಂತ ಗೊತ್ತಿಲ್ಲ. ಏನೂ ಬರಬಾರದು ಅಂತ ಬೇಡಿಕೊಳ್ಳುವುದು ವಿಚಿತ್ರ. ಜನ ಏನಾದರೂ ಬರಲಿ ಅಂತ ಬೇಡುತ್ತಾರೆ.

ಸಂಜೆ ಆ ನೀರನ್ನು ಸಣ್ಣ ಬಾಟಲಿಗೆ ಹಾಕಿಕೊಂಡು ಪಕ್ಕದ ಬಿಲ್ಡಿಂಗಿಗೆ ಹೋದಳು. ಬರುವಾಗ ಕಾಗದ ಮಡಚಿ ಹಿಡಿದಿದ್ದಳು. ಅವಳೇ ಹೇಳಿದಳು.

"ಅಷ್ಟೇ ಉಂಟು. ಯಾವಾಗಲೂ ಬರುವಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

ಮರುದಿನ ಸಿಲಿಕೋನ್ ಎಲ್ಲ ಕೆತ್ತಿ ತೆಗೆದು, ಟೇಪ್ ಸುತ್ತಿ, ಮತ್ತೆ ಕಾರ್ಬನ್ ಡೈಆಕ್ಸೈಡನ್ನೇ ಬಿಟ್ಟು ನೋಡಿದಳು. ಏನೂ ಬರಲಿಲ್ಲ. ಆರು ವರ್ಷದ ಪುಡಿ, ಹೊಸ ಸೆಲ್ಲುಗಳಲ್ಲಿ ಹೇಗೋ ಇಲ್ಲೂ ಹಾಗೇ, ಏನೂ ಮಾಡಿರಲಿಲ್ಲ.

ಅಕ್ಕ ಸರ್ ರೂಮಿಗೆ ಹೋದಾಗ ನಾನು ಚಹಾ ತೆಗೆದುಕೊಂಡು ಒಳಗೆ ಹೋಗಿದ್ದೆ. ಅಕ್ಕ ಹೇಳಿ ಮುಗಿಸಿದ್ದಳು. ಸರ್ ಹಳೆಯದು, ಆರ್ಗಾನಿನದು, ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ತಮ್ಮ ಕಪ್ಪನ್ನು ಅವಳ ಕಡೆ ತಳ್ಳಿದರು.

"ಚಹಾ ಘೇ," ಅಂದರು. ಕಾಗದ ಮಡಚುತ್ತಾ, "ಮೀ ಪಣ್ ವಾಸ್ ಘೇತ್ಲಾ ಹೋತಾ," ಅಂದರು. ನಾನೂ ಮೂಸಿದ್ದೆನಲ್ಲ, ಅಂತ. ಅಷ್ಟೇ. ಪೇಪರ್ ವಾಪಸ್ ತೆಗೆದುಕೊಂಡರು.

ಬೇರೆ ವಿಷಯದ ಮೇಲೆ ಬರೆಯಲು ಟೈಮ್ ಇರಲಿಲ್ಲ. ಸರ್ ಆಫೀಸಿಗೆ ಓಡಾಡಿದರು. ಆಗಲಿಲ್ಲ. ಅಕ್ಕ ಹೋಗುವ ದಿನ ತನ್ನ ಚಪ್ಪಲಿ, ಚಹಾದ ಕಪ್ಪು, ಬಿಳಿ ಕೋಟು ಎಲ್ಲ ಒಂದು ಥೈಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತು, "ಆ ಸೆಲ್ಲನ್ನು ಬಿಸಾಡ್ಬೇಡಿ. ಅದರ ತಪ್ಪೇನಿಲ್ಲ, ಜಾಯಿಂಟ್ ಸರಿ ಮಾಡಿಸಿ," ಅಂದಳು. "ಅಪ್ಪನಿಗೆ ಹೇಳ್ಬೇಡ. ಬೇಸಿನ್ ವಿಷಯ. ಎಲ್ಲಾದರೂ ಸಿಕ್ಕಿದರೆ."

"ಏನಂತ ಹೇಳೀರಿ ಮತ್ತ?"

"ಟೈಮ್ ಮುಗೀತು ಅಂತ."

ನಮ್ಮವ್ವನಿಗೆ ನಾನು ನಿಜ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಆಗಲಿಲ್ಲಂದ್ರ ಆಗಲಿಲ್ಲ. ಆದ್ರ ನಳದ ಹತ್ರ ಹೆಂಗ ಹೇಳೂದು?" ಅಂದಳು. ಹೇಳಲಿಲ್ಲ. ಅಲ್ಲಿ ಇನ್ನೂ ನಾನು ಹೊಗೆ ಹಿಡಿಯುವವನೇ.

ಆಮೇಲೆ ನನ್ನ ಕಾಂಟ್ರ್ಯಾಕ್ಟ್ ಮುಗಿಯಿತು. ಭಿವಂಡಿಯ ಒಂದು ಗೋದಾಮಿಗೆ ಸೇರಿದೆ. ಒಂದು ದಿನ ಕೆಲಸದ ಮೇಲೆ ಡೊಂಬಿವಲಿಗೆ ಹೋಗಬೇಕಾಯಿತು. ಹೋಟೆಲ್ ಮುಂದೆ ಎರಡು ಸಲ ಹಾದು ಹೋದೆ. ಮೂರನೇ ಸಲ ಒಳಗಿನಿಂದ ಅವರೇ ಕರೆದರು.

"ಏ, ವಡೆ! ಬಾ ಮಾರಾಯ, ಎಂತ ಹೊರಗೇ ಸುತ್ತುತ್ತಿ?"

ಮೊದಲಿಗಿಂತ ಸೊರಗಿದ್ದರು. ಗಲ್ಲಾದ ಪಕ್ಕ ಕೂರಿಸಿದರು. ಅಕ್ಕ ಕಲ್ಯಾಣದ ಕೋಚಿಂಗ್ ಕ್ಲಾಸಿನಲ್ಲಿ ಹನ್ನೆರಡನೆಯವರಿಗೆ ಪಾಠ ಮಾಡುತ್ತಾಳೆ ಅಂದರು. ಚೆನ್ನಾಗಿ ಮಾಡುತ್ತಾಳಂತೆ. ಆಮೇಲೆ ದನಿ ಇಳಿಸಿದರು.

"ಟೈಮ್ ಮುಗೀತು ಅಂತ ಹೇಳಿದಳು. ನಾನು ಏನೂ ಕೇಳ್ಲಿಲ್ಲ. ಆದ್ರೆ ಅವಳು ಈ ಬೇಸಿನ್‌ನಲ್ಲಿ ಕೈ ತೊಳೆಯುವುದಿಲ್ಲ. ಊಟ ಮಾಡಿ ಅಡುಗೆ ಮನೆ ಹಿಂದೆ, ಪಾತ್ರೆ ತೊಳೆಯುವಲ್ಲಿ ಹೋಗ್ತಾಳೆ. ಒಂದು ದಿನ ಅಲ್ಲ, ಯಾವಾಗಲೂ. ನಾನು ಗಲ್ಲಾದಲ್ಲಿ ಕೂತು ನೋಡ್ತಾ ಇರ್ತೇನಲ್ಲ."

ಅವರು ಕೊಟ್ಟ ಚಹಾ ಕುಡಿದು ಲೋಟ ಕೆಳಗಿಟ್ಟೆ.

"ಅವತ್ತು ನಾನು ತಮಾಷೆ ಮಾಡಿದೆ. ವಾಸನೆ ಅಂತ. ಅದರಿಂದಲೇ ಅಲ್ವಾ?"

ಹೇಳಬೇಡ ಅಂದಿದ್ದಳು ಅಕ್ಕ. ಆದರೆ ಈ ಮನುಷ್ಯ ಕೇಳುತ್ತಿರುವುದು ಉತ್ತರ ಗೊತ್ತಿದ್ದು.

"ಹೌದ್ರಿ," ಅಂದೆ.

"ನಾನು ಬಾಯಿ ಮುಚ್ಚಿಕೊಂಡಿದ್ರೆ ಅವಳು ಈಗ ಡಾಕ್ಟರ್ ಆಗಿರ್ತಿದ್ದಳು."

"ಆಗಿರ್ತಿದ್ರು. ಆದ್ರ ಅದು ಸುಳ್ಳ ಆಗಿರ್ತಿತ್ರಿ."

ಅವರು ತಲೆ ಆಡಿಸಿದರು. ಒಬ್ಬ ಗಿರಾಕಿ ಬಂದ, ಬಿಲ್ ತೆಗೆದುಕೊಂಡರು, ಚಿಲ್ಲರೆ ಕೊಟ್ಟರು, "ಥ್ಯಾಂಕ್ಯೂ ಹಾ," ಅಂದರು. ಮತ್ತೆ ನನ್ನ ಕಡೆ ತಿರುಗಿದರು.

"ಬೇಸಿನ್ ತೆಗೆಸಿಬಿಡುವ ಅಂತ ಕಾಣ್ತದೆ ಒಮ್ಮೊಮ್ಮೆ. ತೆಗೆಸಿದ್ರೆ ನನಗೆ ಗೊತ್ತುಂಟು ಅಂತ ಅವಳಿಗೆ ಗೊತ್ತಾಗ್ತದೆ. ಅದಕ್ಕೆ ಬಿಟ್ಟಿದ್ದೇನೆ."

ಅವರು ವಡೆ ತರಿಸಿದರು. ಬೇಡ ಅನ್ನಲಿಲ್ಲ, ತಿಂದೆ. ಎದ್ದು ಕೈ ತೊಳೆಯಲು ಹೋದೆ. ಗೋಡೆಗೂ ಬೇಸಿನ್ನಿಗೂ ನಡುವೆ ಬಿಳಿ ಸಿಲಿಕೋನ್ ಗೆರೆ ಕೊಳೆ ಹಿಡಿದು ಕಪ್ಪಾಗಿತ್ತು. ಬಗ್ಗಿ ಮೂಸಿದೆ. ಸೋಪಿನ ವಾಸನೆ, ಅಷ್ಟೇ. ತಿರುಗಿ ನೋಡಿದರೆ ಅವರು ಗಲ್ಲಾದಿಂದ ನನ್ನನ್ನೇ ನೋಡುತ್ತಿದ್ದರು.

"ಏನೂ ಇಲ್ರಿ ಈಗ," ಅಂದೆ.

"ಇಲ್ಲ," ಅಂದರು ಅವರು. "ಎರಡು ದಿನಕ್ಕೇ ಹೋಯ್ತು ಮಾರಾಯ."